ಹಳೆಯ ತಟ್ಟೆಗಳಲ್ಲಿ ಉಳಿದ ಗೌಹರ್ ಜಾನ್

ಹಳೆಯ ಸಾಮಾನುಗಳ ಸಂತೆಯಲ್ಲಿ ಸುತ್ತಾಡುವ ಅಭ್ಯಾಸವಿರುವವರಿಗೆ ಈ ನೋಟ ಹೊಸತಲ್ಲ. ಬೆಂಗಳೂರಿನ ಚಿಕ್ಕಪೇಟೆಯ ಭಾನುವಾರದ ಬಜಾರಿರಲಿ, ಮುಂಬಯಿಯ ಚೋರ್ ಬಜಾರಿರಲಿ, ಕಲ್ಕತ್ತೆಯ ಫ್ರೀ ಸ್ಕೂಲ್ ಬೀದಿಯಿರಲಿ, ಸವೆದ ಹಂಡೆ, ನಿಂತುಹೋದ ಗಡಿಯಾರ, ಕೈ ಮುರಿದ ಕುರ್ಚಿಗಳ ನಡುವೆ ಧೂಳು ಹಿಡಿದ ಕಪ್ಪು ತಟ್ಟೆಗಳ ಒಂದು ರಾಶಿ ಕಣ್ಣಿಗೆ ಬೀಳುತ್ತದೆ. ಅವು ಗ್ರಾಮಫೋನ್ ತಟ್ಟೆಗಳು. ನಮ್ಮ ಹಿರಿಯರ ಬಾಯಲ್ಲಿ ಪ್ಲೇಟುಗಳು. ಒಂದು ಕಾಲಕ್ಕೆ ಮನೆಯ ಹಜಾರದಲ್ಲಿ ಗೌರವದ ಸ್ಥಾನ ಪಡೆದಿದ್ದು, ಅನಂತರ ಅಟ್ಟ ಸೇರಿ, ಕೊನೆಗೆ ಹಿರಿಯರು ತೀರಿಕೊಂಡಾಗಲೋ ಮನೆ ಬದಲಾಯಿಸಿದಾಗಲೋ ಗುಜರಿಯವನ ತಕ್ಕಡಿಗೆ ಬಂದಂಥವು.

ಬಲ್ಲ ಗಿರಾಕಿ ಆ ರಾಶಿಯ ಮುಂದೆ ಕುಳಿತುಕೊಳ್ಳುವ ರೀತಿಯೇ ಬೇರೆ. ತಟ್ಟೆಯ ಮೈಗೆ ಬೆರಳು ತಾಗದಂತೆ ಅಂಚಿನಿಂದ ಎತ್ತುತ್ತಾನೆ. ಬೆಳಕಿಗೆ ಓರೆಯಾಗಿ ಹಿಡಿದು, ಗೆರೆಗಳು ಮಿರುಗುತ್ತಿವೆಯೋ ಬೂದಿ ಬಣ್ಣಕ್ಕೆ ತಿರುಗಿವೆಯೋ ಎಂದು ನೋಡುತ್ತಾನೆ. ಕೂದಲೆಳೆಯಷ್ಟು ಸಣ್ಣ ಬಿರುಕು ಕಣ್ಣಿಗೆ ಕಾಣದೆ ಹೋದರೂ ಉಗುರಿಗೆ ಸಿಕ್ಕಬೇಕೆಂದು ಅಂಚಿನ ಸುತ್ತ ಉಗುರು ಎಳೆಯುತ್ತಾನೆ. ನಡುವಣ ಕಾಗದದ ಚೀಟಿಯನ್ನು ಓದಿ, ಅದರ ಪಕ್ಕದಲ್ಲಿ ಅರಗಿನ ಮೇಲೆ ಸಣ್ಣಗೆ ಮೂಡಿರುವ ಅಂಕಿಗಳನ್ನೂ ಓದಿಕೊಳ್ಳುತ್ತಾನೆ. ಇಷ್ಟು ಹೊತ್ತೂ ಮುಖದಲ್ಲಿ ಆಸೆಯ ಸುಳಿವು ಕಾಣಗೊಡುವುದಿಲ್ಲ. ಏಕೆಂದರೆ ಅಂಗಡಿಯವನು ನೋಡುತ್ತಿರುವುದು ತಟ್ಟೆಯನ್ನಲ್ಲ, ಗಿರಾಕಿಯ ಮುಖವನ್ನು. ಬೆಲೆ ಗೊತ್ತಾಗುವುದು ಅಲ್ಲಿ.

ಇಂಥ ರಾಶಿಗಳಲ್ಲಿ ಯಾವಾಗಲೋ ಒಮ್ಮೆ, ಒಂದೇ ಮುಖದಲ್ಲಿ ಹಾಡಿರುವ ಒಂದು ತಟ್ಟೆ ಸಿಕ್ಕುತ್ತದೆ. ಅದರ ಚೀಟಿಯ ಮೇಲೆ, ಗರಿಯ ಲೇಖನಿ ಹಿಡಿದು ತಟ್ಟೆಯ ಮೇಲೆ ಬರೆಯುತ್ತಿರುವ ಒಬ್ಬ ಪುಟ್ಟ ದೇವದೂತನ ಚಿತ್ರವಿರುತ್ತದೆ. ನಾಯಿಯ ಚಿತ್ರ ಬಂದದ್ದು ಅನಂತರ. ಯಂತ್ರಕ್ಕೆ ಕೀಲಿ ಕೊಟ್ಟು ಮುಳ್ಳನ್ನು ಇಳಿಸಿದರೆ, ಮಳೆ ಸುರಿದಂತಹ ಸದ್ದಿನ ಹಿಂದಿನಿಂದ ಒಂದು ಚುರುಕಾದ, ಎತ್ತರದ ಕೊರಳು ಕೇಳಿಬರುತ್ತದೆ. ಮೂರು ನಿಮಿಷದೊಳಗೆ ಹಾಡು ಮುಗಿಯುತ್ತದೆ. ಮುಗಿದೊಡನೆ ಆ ಕೊರಳು ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಸಾರಿ ಹೇಳುತ್ತದೆ. ಆ ಹೆಸರು ಗೌಹರ್ ಜಾನ್.

ಭಾರತದಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿದ ಮೊದಲಿಗರಲ್ಲಿ ಅತ್ಯಂತ ಪ್ರಸಿದ್ಧಳಾದವಳು ಈಕೆ. ಈಕೆಯ ಕೊನೆಯುಸಿರು ಹೋದದ್ದು ನಮ್ಮ ಮೈಸೂರಿನಲ್ಲಿ. ಬದುಕಿದ್ದಾಗ ಈಕೆಯ ಕೊರಳಿಗೆ ಬೆಲೆ ಕಟ್ಟಿದವರು ಬಹುಮಂದಿ. ಸತ್ತ ಮೇಲೆ ಅದನ್ನು ಉಳಿಸಿಕೊಟ್ಟವರು ಯಾರೆಂದು ವಿಚಾರಿಸಿದರೆ, ಬರುವ ಉತ್ತರ ಸ್ವಲ್ಪ ವಿಚಿತ್ರವಾದುದು.

*

ಆಕೆ ಹುಟ್ಟಿದ್ದು 1873ನೆಯ ಇಸವಿ ಜೂನ್ 26ರಂದು, ಉತ್ತರ ಹಿಂದೂಸ್ಥಾನದ ಆಜಮ್‌ಗಢದಲ್ಲಿ. ಇಟ್ಟ ಹೆಸರು ಏಂಜಲೀನಾ ಯೋವರ್ಡ್. ತಂದೆ ರಾಬರ್ಟ್ ವಿಲಿಯಂ ಯೋವರ್ಡ್ ಆರ್ಮೇನಿಯ ಮೂಲದ ಎಂಜಿನಿಯರು. ತಾಯಿ ವಿಕ್ಟೋರಿಯಾ ಹೆಮಿಂಗ್ಸಳ ಮೈಯಲ್ಲಿ ಆಂಗ್ಲ ರಕ್ತವೂ ಭಾರತೀಯ ರಕ್ತವೂ ಕೂಡಿ ಹರಿಯುತ್ತಿದ್ದವು. ಆಕೆಗೆ ಹಾಡು, ಕುಣಿತ, ಕವಿತೆ ಮೂರೂ ಬರುತ್ತಿದ್ದವು. ಈ ದಾಂಪತ್ಯ ಬಹುಕಾಲ ಬಾಳಲಿಲ್ಲ. 1879ರಲ್ಲಿ ಅದು ಮುರಿದುಬಿದ್ದಾಗ ಮಗುವಿಗೆ ಆರು ವರ್ಷ.

ಗಂಡನಿಲ್ಲದ, ಬಂಧುಬಳಗವಿಲ್ಲದ ಆ ತಾಯಿ ಖುರ್ಷಿದ್ ಎಂಬ ಮುಸಲ್ಮಾನ ಸದ್ಗೃಹಸ್ಥನ ಆಸರೆಯಲ್ಲಿ 1881ರಲ್ಲಿ ಮಗಳೊಡನೆ ಕಾಶಿಗೆ ಬಂದಳು. ಅಲ್ಲಿ ಇಬ್ಬರೂ ಇಸ್ಲಾಂ ಮತವನ್ನು ಸ್ವೀಕರಿಸಿದರು. ವಿಕ್ಟೋರಿಯಾ ಮಲಕಾ ಜಾನ್ ಆದಳು. ಏಂಜಲೀನಾ ಗೌಹರ್ ಜಾನ್ ಆದಳು. ಗೌಹರ್ ಎಂದರೆ ರತ್ನ. ಹೆಸರು ಬದಲಾದೊಡನೆ ಬಾಳಿನ ದಾರಿಯೂ ಬದಲಾಯಿತು. ಆ ಕಾಲದಲ್ಲಿ ಹಾಡಿ ಬದುಕಲು ಹೊರಟ ಹೆಂಗಸಿಗೆ ತೆರೆದಿದ್ದ ದಾರಿ ಒಂದೇ: ತವಾಯಫ್ ಎಂಬ ಕಲಾವಂತೆಯರ ದಾರಿ. ಅದರಲ್ಲಿ ಹಣವಿತ್ತು, ವಿದ್ಯೆಯಿತ್ತು, ರಾಜರ ಮನ್ನಣೆಯಿತ್ತು. ಮರ್ಯಾದಸ್ಥರ ಮನೆಯ ಹೊಸ್ತಿಲನ್ನು ದಾಟುವ ಹಕ್ಕು ಮಾತ್ರ ಇರಲಿಲ್ಲ.

1883ರಲ್ಲಿ ತಾಯಿ ಮಗಳು ಕಲ್ಕತ್ತೆ ಸೇರಿದರು. ಅವಧದ ಪದಚ್ಯುತ ನವಾಬ ವಾಜಿದ್ ಅಲಿ ಶಹನು ಆಗ ಆ ನಗರದ ಮಟಿಯಾಬುರ್ಜಿನಲ್ಲಿ ತನ್ನ ಕಳೆದುಹೋದ ಲಖನೌವನ್ನು ಮತ್ತೆ ಕಟ್ಟಿಕೊಂಡು ಕುಳಿತಿದ್ದ. ಹಾಡುವವರಿಗೂ ಕುಣಿಯುವವರಿಗೂ ಅಲ್ಲಿ ಆಶ್ರಯವಿತ್ತು. ಮಲಕಾ ಜಾನ್ ಆ ಆಸ್ಥಾನದಲ್ಲಿ ಮನ್ನಣೆ ಪಡೆದು, ಕೆಲವೇ ವರ್ಷಗಳಲ್ಲಿ ಚಿತ್ಪುರ ರಸ್ತೆಯಲ್ಲಿ ಸ್ವಂತ ಮನೆಯನ್ನು ಕೊಂಡಳು. ಆಕೆಯ ಉರ್ದು ಕವಿತೆಗಳ ಸಂಗ್ರಹವೂ 1886ರಲ್ಲಿ ಅಚ್ಚಾಯಿತು.

ಮಗಳ ಶಿಕ್ಷಣದಲ್ಲಿ ತಾಯಿ ಯಾವ ಲೋಭವನ್ನೂ ಮಾಡಲಿಲ್ಲ. ಪಟಿಯಾಲೆಯ ಕಾಲೇ ಖಾನರು, ರಾಮಪುರದ ವಜೀರ್ ಖಾನರು ಮೊದಲಾದವರಿಂದ ಹಿಂದೂಸ್ಥಾನಿ ಸಂಗೀತ. ಬಿಂದಾದೀನ ಮಹಾರಾಜರಿಂದ ಕಥಕ್. ಶ್ರೀಜಾನ್ ಬಾಯಿಯಿಂದ ಧ್ರುಪದ. ಚರಣದಾಸರಿಂದ ಬಂಗಾಳಿ ಕೀರ್ತನೆ. ಇವುಗಳ ಜೊತೆಗೆ ಭಾಷೆಗಳ ಮೇಲೆ ಭಾಷೆಗಳು. ಗೌಹರಳೂ ತಾಯಿಯಂತೆ ಕವಿತೆ ಕಟ್ಟಿದಳು. 1887ರಲ್ಲಿ ದರಭಂಗಾ ಮಹಾರಾಜರ ಆಸ್ಥಾನದಲ್ಲಿ ಆಕೆಯ ಮೊದಲ ಕಚೇರಿ ನಡೆಯಿತು. ಆಗ ಆಕೆಗೆ ಹದಿನಾಲ್ಕು ವರ್ಷ. ಹದಿನೈದು ವರ್ಷಗಳ ಅನಂತರ ಗ್ರಾಮಫೋನಿನವರು ಸಮುದ್ರ ದಾಟಿ ಬಂದಾಗ, ಕಲ್ಕತ್ತೆಯಲ್ಲಿ ಆಕೆಯ ಹೆಸರನ್ನು ಕೇಳದವರೇ ಇರಲಿಲ್ಲ.

*

1902ರ ನವೆಂಬರು ತಿಂಗಳು. ಲಂಡನ್ನಿನ ಗ್ರಾಮಫೋನ್ ಅಂಡ್ ಟೈಪ್‌ರೈಟರ್ ಕಂಪೆನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕದವನು ಯಂತ್ರಗಳನ್ನು ಹೊತ್ತು ಕಲ್ಕತ್ತೆಗೆ ಬಂದಿಳಿದಿದ್ದ. ಪೂರ್ವದೇಶಗಳ ಹಾಡುಗಳನ್ನು ಹಿಡಿದು ತಟ್ಟೆ ಮಾಡಿ, ಆಯಾ ದೇಶದವರಿಗೇ ಮಾರಬೇಕೆಂಬುದು ಕಂಪೆನಿಯ ಹಂಚಿಕೆ. ಹೋಟೆಲೊಂದರ ಕೋಣೆಗಳೇ ಧ್ವನಿಮುದ್ರಣದ ಶಾಲೆಯಾದವು. ಅಲ್ಲಿ ಹಾಡಲು ಬಂದವರಲ್ಲಿ ಗೌಹರ್ ಜಾನಳೂ ಒಬ್ಬಳು. ಪ್ರತಿ ಸಲವೂ ಹೊಸ ಉಡುಪನ್ನು ತೊಟ್ಟು, ಒಮ್ಮೆ ಧರಿಸಿದ ಒಡವೆಯನ್ನು ಇನ್ನೊಮ್ಮೆ ಧರಿಸದೆ ಬರುತ್ತಿದ್ದ ಆಕೆಯ ವೈಭವವನ್ನು ಗೈಸ್‌ಬರ್ಗನು ಬಹುಕಾಲದ ಮೇಲೆ ತನ್ನ ಸ್ಮರಣೆಗಳಲ್ಲಿ ಬರೆದಿಟ್ಟಿದ್ದಾನೆ. ಆಕೆ ಕೇಳಿದ ಸಂಭಾವನೆ ಮೂರು ಸಾವಿರ ರೂಪಾಯಿ ಎಂಬ ಪ್ರತೀತಿಯೂ ಇದೆ.

ಆಗಿನ ಧ್ವನಿಮುದ್ರಣದಲ್ಲಿ ವಿದ್ಯುತ್ತಿನ ಸಹಾಯವಿರಲಿಲ್ಲ. ಅದು ಬಂದದ್ದು 1925ರಲ್ಲಿ. ಗೋಡೆಯಿಂದ ಹೊರಚಾಚಿದ ಒಂದು ತಗಡಿನ ಕಹಳೆಯ ಬಾಯಿಗೆ ಮುಖವಿಟ್ಟು ಹಾಡಬೇಕು. ಕಹಳೆಯ ಆ ತುದಿಯಲ್ಲಿರುವ ತೆಳುವಾದ ಪೊರೆ ಅದುರಿದಂತೆ, ಅದಕ್ಕೆ ಹೊಂದಿಕೊಂಡ ಮೊನೆ ತಿರುಗುವ ಮೇಣದ ಬಿಲ್ಲೆಯ ಮೇಲೆ ಗೆರೆ ಕೊರೆಯುತ್ತದೆ. ಹಾಡುವವರು ತಲೆ ತಿರುಗಿಸಿದರೆ ದನಿ ಕರಗಿಹೋಗುತ್ತದೆ. ಕಣ್ಣು, ಕೈ, ಹುಬ್ಬುಗಳಿಂದ ಒಂದೊಂದು ಮಾತಿಗೂ ಹತ್ತು ಅರ್ಥ ತೋರಿಸುವುದೇ ಠುಮರಿಯ ಜೀವ. ಅಂಥ ವಿದ್ಯೆಯಲ್ಲಿ ಬೆಳೆದವಳು ಕಂಬದಂತೆ ನಿಂತು, ಎದುರಿಗೆ ಒಬ್ಬ ರಸಿಕನೂ ಇಲ್ಲದೆ, ತಗಡಿನ ಬಾಯಿಗೆ ಹಾಡಬೇಕಾಯಿತು.

ಕಾಲದ ಕಟ್ಟು ಅದಕ್ಕಿಂತ ಬಿಗಿಯಾದುದು. ಇರುಳೆಲ್ಲ ಬೆಳೆಸಬಹುದಾದ ರಾಗವನ್ನು ಮೂರು ನಿಮಿಷದೊಳಗೆ ತೋರಿಸಿ ಮುಗಿಸಬೇಕು. ದೊಡ್ಡ ದೊಡ್ಡ ಉಸ್ತಾದರು ಹಿಂಜರಿದದ್ದು ಇಲ್ಲಿಯೇ. ಗೌಹರ್ ಹಿಂಜರಿಯಲಿಲ್ಲ. ಆಲಾಪವನ್ನು ಕೆಲವೇ ಸ್ವರಗಳಲ್ಲಿ ಸೂಚಿಸಿ, ನೇರವಾಗಿ ಪಲ್ಲವಿಯನ್ನು ಹಿಡಿದು, ಚುರುಕಾದ ಲಯದಲ್ಲಿ ತಾನುಗಳನ್ನು ಚಿಮ್ಮಿಸಿ, ಸಮಯಕ್ಕೆ ಸರಿಯಾಗಿ ಮುಗಿಸುವ ಒಂದು ಕ್ರಮವನ್ನು ಆಕೆ ಸಾಧಿಸಿದಳು. ಹಿಂದೂಸ್ಥಾನಿ ಸಂಗೀತದ ಮೂರು ನಿಮಿಷದ ರೂಪಕ್ಕೆ ದಾರಿ ಹಾಕಿದವರಲ್ಲಿ ಆಕೆ ಅಗ್ರಗಣ್ಯಳು.

ಕೊನೆಯಲ್ಲಿ ಹೆಸರು ಹೇಳುತ್ತಿದ್ದುದಕ್ಕೂ ಒಂದು ಕಾರಣವಿದೆ. ಮೇಣದ ಬಿಲ್ಲೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಗಿ, ಅಲ್ಲಿನ ಕಾರ್ಖಾನೆಯಲ್ಲಿ ಅಚ್ಚಾಗಿ ಬರಬೇಕು. ಅಲ್ಲಿಯ ಕೆಲಸಗಾರರಿಗೆ ಹಾಡಿನ ಒಂದಕ್ಷರವೂ ತಿಳಿಯದು. ಯಾವ ಬಿಲ್ಲೆ ಯಾರದೆಂದು ಗುರುತಿಸಿ ಚೀಟಿ ಅಂಟಿಸುವುದಕ್ಕೆ ಅನುಕೂಲವಾಗಲೆಂದು ಹಾಡುವವರು ತಮ್ಮ ಹೆಸರನ್ನು ಕೂಗಿ ಹೇಳುತ್ತಿದ್ದರು. ಕಾರ್ಖಾನೆಯ ಒಂದು ಅನುಕೂಲಕ್ಕಾಗಿ ಹೇಳಿದ ಆ ಮಾತು, ಮುಂದೆ ಆಕೆಯ ಹಾಡಿನಷ್ಟೇ ಪ್ರಸಿದ್ಧವಾಯಿತು.

ತಟ್ಟೆ ಮಾಡುವ ಪದಾರ್ಥದ ಕಥೆಯೂ ಕೇಳತಕ್ಕದ್ದೇ. ಅದರ ಬಂಧಕ ವಸ್ತು ಅರಗು. ನಮ್ಮ ದೇಶದ ಕಾಡುಗಳಲ್ಲಿ ಮುತ್ತುಗ, ಜಾಲಿ, ಎಲಚಿ ಮುಂತಾದ ಮರಗಳ ಕೊಂಬೆಗಳ ಮೇಲೆ ಒಂದು ಜಾತಿಯ ಸಣ್ಣ ಹುಳು ಸ್ರವಿಸುವ ಅಂಟು ಅದು. ಕಾಶಿಗೆ ಸಮೀಪದ ಮಿರ್ಜಾಪುರ ಅದನ್ನು ಶುದ್ಧಿಮಾಡುವ ಉದ್ಯಮಕ್ಕೆ ಹೆಸರಾಗಿತ್ತು. ಅರಗಿಗೆ ಕಲ್ಲಿನ ಪುಡಿ, ಕಾಡಿಗೆ, ಹತ್ತಿಯ ನಾರು ಬೆರೆಸಿ, ಕಾಯಿಸಿ ಒತ್ತಿದರೆ ತಟ್ಟೆ. ನಮ್ಮ ಅರಗೂ ನಮ್ಮ ಹಾಡೂ ಸಮುದ್ರ ದಾಟಿ ಹೋಗಿ, ಒಂದರ ಮೇಲೊಂದು ಅಚ್ಚೊತ್ತಿಸಿಕೊಂಡು, ಸರಕಾಗಿ ನಮಗೇ ಮಾರಾಟಕ್ಕೆ ಮರಳಿ ಬರುತ್ತಿದ್ದವು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆದ ಮೇಲೆ ಈ ಪ್ರಯಾಣ ತಪ್ಪಿತು.

*

ಗೌಹರ್ ಜಾನ್ 1902ರಿಂದ 1920ರವರೆಗೆ ಸುಮಾರು 600 ಹಾಡುಗಳನ್ನು ತಟ್ಟೆಗೆ ಕೊಟ್ಟಳು. ಹಿಂದೂಸ್ಥಾನಿ, ಬಂಗಾಳಿ, ಗುಜರಾತಿ, ಮರಾಠಿ, ತಮಿಳು, ಪಾರಸಿ, ಅರಬ್ಬಿ, ಪುಷ್ತು, ಇಂಗ್ಲಿಷ್, ಫ್ರೆಂಚ್ ಎಂದು ಹತ್ತು ಭಾಷೆಗಳನ್ನು ಎಣಿಸಬಹುದು. ಖಯಾಲು, ಠುಮರಿ, ದಾದ್ರಾ, ಕಜರಿ, ಹೋರಿ, ಭಜನೆ, ತರಾನಾ, ಯಾವುದನ್ನೂ ಆಕೆ ಬಿಡಲಿಲ್ಲ.

ಈ ತಟ್ಟೆಗಳು ಮಾಡಿದ ಸದ್ದಿಲ್ಲದ ಕ್ರಾಂತಿಯನ್ನು ನಾವು ಇಂದು ಊಹಿಸುವುದು ಕಷ್ಟ. ತವಾಯಫಳ ಹಾಡನ್ನು ಕೇಳಬೇಕಾದರೆ ಗಂಡಸು ಆಕೆಯ ಮನೆಯ ಮೆಟ್ಟಿಲು ಹತ್ತಬೇಕಿತ್ತು, ಇಲ್ಲವೆ ರಾಜನೋ ಜಮೀನುದಾರನೋ ಆಗಿರಬೇಕಿತ್ತು. ಗೃಹಿಣಿಯರಿಗಂತೂ ಆ ಹಾಡು ಕಿವಿಗೆ ಬೀಳುವ ಮಾತೇ ಇರಲಿಲ್ಲ. ಈಗ ಆ ಕೊರಳು ಮರದ ಪೆಟ್ಟಿಗೆಯೊಳಗೆ ಕುಳಿತು, ಆಕೆಗೆ ಪ್ರವೇಶವಿಲ್ಲದ ಮನೆಗಳ ಒಳಕೋಣೆಗೂ ನಡೆದುಬಂದಿತು. ಯಾರನ್ನು ಹೊಸ್ತಿಲಾಚೆ ನಿಲ್ಲಿಸಿದ್ದರೋ ಅವಳ ಹಾಡನ್ನು ಅತ್ತೆ ಸೊಸೆಯರು ಅಡಿಗೆಮನೆಯಲ್ಲಿ ನಿಂತು ಕೇಳುವಂತಾಯಿತು.

ಕೀರ್ತಿಯ ಜೊತೆಗೆ ದಂತಕಥೆಗಳೂ ಹುಟ್ಟಿಕೊಂಡವು. ಸಾಕಿದ ಬೆಕ್ಕು ಮರಿಹಾಕಿದ ಸಂತೋಷಕ್ಕೆ ಇಪ್ಪತ್ತು ಸಾವಿರ ರೂಪಾಯಿ ಸುರಿದು ಔತಣವಿಟ್ಟಳೆಂದು ಒಂದು ಕಥೆ. ನಾಲ್ಕು ಕುದುರೆಗಳ ಸಾರೋಟಿನಲ್ಲಿ ಸಂಚರಿಸಿದ ತಪ್ಪಿಗೆ ತೆತ್ತ ದಂಡವನ್ನು ಲೆಕ್ಕಿಸದೆ ಮರುದಿನವೂ ಅದರಲ್ಲೇ ಹೊರಟಳೆಂದು ಇನ್ನೊಂದು. ಇವುಗಳಲ್ಲಿ ನಿಜವೆಷ್ಟು, ಜನರು ಸೇರಿಸಿದ್ದೆಷ್ಟು ಎಂದು ಬೇರ್ಪಡಿಸುವುದು ಈಗ ಸಾಧ್ಯವಿಲ್ಲ. ಆದರೆ ಆಸ್ಟ್ರಿಯಾದಲ್ಲಿ ತಯಾರಾದ ಬೆಂಕಿಪೆಟ್ಟಿಗೆಗಳ ಮೇಲೆ ಆಕೆಯ ಚಿತ್ರ ಅಚ್ಚಾಗಿ ಬಂದದ್ದು ನಿಜ. 1911ರ ಡಿಸೆಂಬರಿನಲ್ಲಿ ಐದನೆಯ ಜಾರ್ಜ್ ದೊರೆಗಾಗಿ ನಡೆದ ದಿಲ್ಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕೀ ಬಾಯಿಯೊಡನೆ ಆಕೆ ಹಾಡಿದ್ದೂ ನಿಜ.

ಹೊರಗೆ ಈ ವೈಭವ ಕಾಣುತ್ತಿದ್ದಾಗಲೇ ಒಳಗೆ ಮನೆ ಕುಸಿಯುತ್ತಿತ್ತು. 1906ರಲ್ಲಿ ತಾಯಿ ತೀರಿಕೊಂಡಳು. ಮನೆಯ ದಾಸಿಯೊಬ್ಬಳ ಮಗ, ತಾನೇ ಮಲಕಾ ಜಾನಳ ಮಗನೆಂದೂ ಆಸ್ತಿ ತನಗೆ ಸೇರಬೇಕೆಂದೂ ನ್ಯಾಯಾಲಯವನ್ನು ಹತ್ತಿದ. ದೇಶವೆಲ್ಲ ಹೆಸರಿನಿಂದ ಬಲ್ಲ ಹೆಂಗಸು ತಾನು ಯಾರ ಮಗಳೆಂಬುದನ್ನು ಕಟಕಟೆಯಲ್ಲಿ ನಿಂತು ಸಿದ್ಧಪಡಿಸಬೇಕಾಯಿತು. ಎಂದೋ ಕೈಬಿಟ್ಟು ಹೋಗಿದ್ದ ತಂದೆಯನ್ನು ಆಕೆ ಹುಡುಕಿ ತೆಗೆದಳು. ಸಾಕ್ಷಿ ಹೇಳಲು ಆತ ಬೆಲೆ ಕೇಳಿದನೆಂದು ಹೇಳುತ್ತಾರೆ. ಅಂತೂ ವ್ಯಾಜ್ಯ ಗೆದ್ದಿತು.

ಮನಸ್ಸು ಕೊಟ್ಟ ಗುಜರಾತಿ ರಂಗಭೂಮಿಯ ನಟ ಅಮೃತ ಕೇಶವ ನಾಯಕನು 1907ರಲ್ಲಿ ಅಕಾಲಮೃತ್ಯುವಿಗೆ ತುತ್ತಾದ. ಅನಂತರ, ತನ್ನ ವ್ಯವಹಾರ ನೋಡಿಕೊಳ್ಳುತ್ತಿದ್ದ, ತನಗಿಂತ ಕಿರಿಯನಾದ ಅಬ್ಬಾಸನೆಂಬುವನನ್ನು ಆಕೆ ವರಿಸಿದಳು. ಈ ನಂಟು ದ್ರೋಹದಲ್ಲಿ ಮುಗಿದು, ಮತ್ತೆ ವ್ಯಾಜ್ಯಗಳ ಸರಪಣಿಯಾಯಿತು. ಹಾಡಿ ಗಳಿಸಿದ್ದು ವಕೀಲರ ಪಾಲಾಯಿತು, ಮನೆಗಳು ಕೈಬಿಟ್ಟುಹೋದವು. ಅಷ್ಟರಲ್ಲಿ ಕಾಲವೂ ಬದಲಾಗುತ್ತಿತ್ತು. ತಟ್ಟೆಗಳ ಲೋಕಕ್ಕೆ ಹೊಸ ಕೊರಳುಗಳು ಬಂದವು. ವಿದ್ಯುತ್ತಿನ ಧ್ವನಿಮುದ್ರಣ ಬಂದ ಮೇಲೆ, ಕಹಳೆಯ ಕಾಲದ ತಟ್ಟೆಗಳು ಜನರ ಕಿವಿಗೆ ಸಪ್ಪೆಯಾಗತೊಡಗಿದವು. ಗೌಹರ್ ಜಾನ್ ಕಲ್ಕತ್ತೆಯನ್ನು ಬಿಟ್ಟು ದಾರ್ಜಿಲಿಂಗ್, ಮುಂಬಯಿ ಎಂದು ನೆಲೆಯಿಲ್ಲದೆ ಅಲೆದಳು.

*

ಆಗ ಆಕೆಗೆ ಕೊನೆಯ ಆಸರೆಯಾದುದು ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರ ಸಂಗೀತಪ್ರೇಮವನ್ನು ಕನ್ನಡಿಗರಿಗೆ ವಿವರಿಸಬೇಕಾದುದಿಲ್ಲ. ಕರ್ಣಾಟಕ ಸಂಗೀತ, ಹಿಂದೂಸ್ಥಾನಿ ಸಂಗೀತ, ಪಾಶ್ಚಾತ್ಯ ವಾದ್ಯಗೋಷ್ಠಿ ಮೂರಕ್ಕೂ ಆ ಆಸ್ಥಾನದಲ್ಲಿ ಸಮಾನವಾದ ಸ್ಥಾನವಿತ್ತು. 1928ರ ಆಗಸ್ಟ್ 1ರಂದು ಗೌಹರ್ ಜಾನ್ ಅರಮನೆಯ ಸಂಗೀತಗಾರಳಾಗಿ ನೇಮಕಗೊಂಡಳು. ತಿಂಗಳಿಗೆ ಐನೂರು ರೂಪಾಯಿ ಸಂಬಳ. ವಾಸಕ್ಕೆ ದಿಲ್‌ಖುಷ್ ಎಂಬ ಹೆಸರಿನ ಬಂಗಲೆ. ಸಾಮಾನ್ಯ ಸಂಸಾರಿಗೆ ಅದು ಸಿರಿವಂತಿಕೆಯೇ. ಒಂದು ಸಂಜೆಗೆ ಸಾವಿರಗಳನ್ನು ಎಣಿಸಿಕೊಂಡಿದ್ದ ಕೈಗಳಿಗೆ ಮಾತ್ರ ಅದು ಬಾಳಿನ ಇಳಿಹೊತ್ತಿನ ಲೆಕ್ಕ.

ಮೈಸೂರಿನಲ್ಲಿ ಆಕೆ ಬದುಕಿದ್ದು ಒಂದೂವರೆ ವರ್ಷಕ್ಕಿಂತ ಕಡಿಮೆ. ದೇಹ ಜರ್ಜರಿತವಾಗಿತ್ತು, ಮನಸ್ಸು ಇನ್ನೂ ಹೆಚ್ಚು. 1930ರ ಜನವರಿ 17ರಂದು ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಆಕೆ ಕಣ್ಣುಮುಚ್ಚಿದಳು. ಆಗ ಐವತ್ತಾರು ವರ್ಷ. ಬಳಿಯಲ್ಲಿ ತನ್ನವರೆನ್ನುವವರು ಯಾರೂ ಇರಲಿಲ್ಲ. ಆಕೆಯ ಗೋರಿ ಎಲ್ಲಿದೆಯೆಂದು ಇಂದು ತೋರಿಸುವವರಿಲ್ಲ.

ಮನುಷ್ಯಳಾದ ಗೌಹರ್ ಜಾನಳ ಕಥೆ ಇಲ್ಲಿಗೆ ಮುಗಿಯಿತು. ತಟ್ಟೆಗಳ ಕಥೆ ಇಲ್ಲಿಂದ ಮುಂದೆ ಹೊಸದಾಗಿ ಮೊದಲಾಯಿತು.

*

ಗ್ರಾಮಫೋನ್ ತಟ್ಟೆ ವಿಚಿತ್ರವಾದ ಸರಕು. ಪುಸ್ತಕ ಎಷ್ಟು ಸಲ ಓದಿದರೂ ಅಕ್ಷರ ಸವೆಯದು. ತಟ್ಟೆ ಹಾಗಲ್ಲ. ಉಕ್ಕಿನ ಮುಳ್ಳು ಪ್ರತಿ ಸಲವೂ ಗೆರೆಯ ಗೋಡೆಯನ್ನು ಇಷ್ಟಿಷ್ಟೇ ಉಜ್ಜುತ್ತ ಹೋಗುತ್ತದೆ. ಒಂದು ಮುಖಕ್ಕೆ ಒಂದು ಹೊಸ ಮುಳ್ಳು ಹಾಕಬೇಕೆಂದು ಕಂಪೆನಿಯವರು ಎಚ್ಚರಿಸುತ್ತಿದ್ದರೂ, ಕಾಸು ಉಳಿಸಲೆಂದು ಒಂದೇ ಮುಳ್ಳಿನಲ್ಲಿ ಹತ್ತು ಹಾಡು ಕೇಳಿದ ಮನೆಗಳೇ ಹೆಚ್ಚು. ಆದಕಾರಣ ಜನರು ಯಾವ ಹಾಡನ್ನು ಮೆಚ್ಚಿ ಮತ್ತೆ ಮತ್ತೆ ಕೇಳಿದರೋ ಅದೇ ತಟ್ಟೆ ಮೊದಲು ಸವೆಯಿತು. ಯಾರೂ ಮೆಚ್ಚದೆ ಒಮ್ಮೆ ಕೇಳಿ ಎತ್ತಿಟ್ಟದ್ದು ಮಿರಮಿರನೆ ಹೊಸದಾಗಿಯೇ ಉಳಿಯಿತು. ಹಳೆಯ ತಟ್ಟೆಗಳ ವ್ಯಾಪಾರಿಗಳೆಲ್ಲ ಬಲ್ಲ ಸಂಗತಿ ಇದು. ಪ್ರೀತಿಯೇ ಇಲ್ಲಿ ಸವೆತಕ್ಕೆ ಕಾರಣ. ಗೌಹರ್ ಜಾನಳ ಬಾಳಿಗೂ ಈ ಮಾತು ಹೊಂದಿಕೊಳ್ಳುವುದನ್ನು ವಾಚಕರೇ ಗಮನಿಸಬಹುದು: ಬಯಸಿದವರೇ ಆಕೆಯನ್ನು ಸವೆಸಿದರು.

ಸವೆತವೊಂದೇ ಶತ್ರುವಲ್ಲ. ಅರಗಿನ ತಟ್ಟೆ ಬಿಸಿಲಿಗೆ ಬಾಗುತ್ತದೆ, ಬಿದ್ದರೆ ಗಾಜಿನಂತೆ ಒಡೆಯುತ್ತದೆ. ಧೂಳು ತೆಗೆಯಲೆಂದು ತಿಳಿಯದವರು ಸ್ಪಿರಿಟ್ಟಿನಲ್ಲಿ ಒರೆಸಿದರೆ ಅರಗೇ ಕರಗಿ ಹಾಡು ಅಳಿಸಿಹೋಗುತ್ತದೆ. ಒಡೆದ ತಟ್ಟೆಗಳನ್ನು ಪುಡಿಮಾಡಿ ಹೊಸ ಅರಗಿನೊಡನೆ ಬೆರೆಸಿ ಬೇರೆ ತಟ್ಟೆ ಒತ್ತುವುದೂ ಈ ಉದ್ಯಮದ ರೂಢಿಯಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಅರಗಿನ ಅಭಾವವುಂಟಾದಾಗ, 1942ರಲ್ಲಿ ಅಮೆರಿಕದಲ್ಲಿ ಹೊಸ ತಟ್ಟೆ ಬೇಕಾದವರು ಹಳೆಯದನ್ನು ಮರಳಿಸಬೇಕಾಗಿ ಬಂದಿತ್ತು. ಒಬ್ಬರ ಹಾಡಿನ ಮೈ ಕರಗಿ ಇನ್ನೊಬ್ಬರ ಹಾಡಿಗೆ ಮೈಯಾಗುತ್ತಿತ್ತು. ನಮ್ಮ ಮನೆಗಳಲ್ಲಾದರೋ ಹಳೆಯ ತಟ್ಟೆಯನ್ನು ಬಿಸಿಮಾಡಿ ಬಗ್ಗಿಸಿ ಹೂದಾನಿ ಮಾಡಿದವರುಂಟು, ಮೇಲೆ ಬಣ್ಣದ ಚಿತ್ರ ಬರೆದು ಗೋಡೆಗೆ ತೂಗುಹಾಕಿದವರುಂಟು. 1970ರ ಸುಮಾರಿಗೆ ನಮ್ಮ ದೇಶದಲ್ಲಿ ಅರಗಿನ ತಟ್ಟೆಗಳ ತಯಾರಿಕೆಯೇ ನಿಂತಿತು. ಕೀಲಿಯ ಯಂತ್ರಗಳು ಮೂಲೆ ಸೇರಿದವು. ಬಾರಿಸಲು ಯಂತ್ರವಿಲ್ಲದ ಮೇಲೆ ತಟ್ಟೆ ಇದ್ದು ಫಲವೇನು?

ಈ ಪ್ರಶ್ನೆಗೆ ಫಲ ಕಂಡವನು ಗುಜರಿ ವ್ಯಾಪಾರಿ. ಅವನಿಗೆ ರಾಗದ ಗಂಧವಿತ್ತೆಂದೇನೂ ಅಲ್ಲ. ಎಲ್ಲರೂ ಎಸೆಯುವುದರಲ್ಲಿ ಯಾರಿಗೋ ಬೇಕಾದುದು ಇದ್ದೀತೆಂಬ ನಂಬಿಕೆಯೇ ಅವನ ವಿದ್ಯೆ. ತೂಕಕ್ಕೆ ಕೊಂಡುದನ್ನು ತೂಕಕ್ಕೆ ಮಾರದೆ ಒಂದೊಂದಾಗಿ ಬಿಡಿಸಿಟ್ಟ. ಅವನನ್ನು ಹುಡುಕಿಕೊಂಡು ಬಂದವರು ಒಂದು ವಿಲಕ್ಷಣ ಪಂಗಡ: ಗುಮಾಸ್ತರು, ಮೇಷ್ಟರುಗಳು, ವೈದ್ಯರು, ವಿಜ್ಞಾನಿಗಳು. ಭಾನುವಾರದ ಬೆಳಗ್ಗೆ ಜೇಬಿನಲ್ಲಿ ಸ್ವಲ್ಪ ಹಣ, ಕೈಯಲ್ಲೊಂದು ಚೀಲ ಹಿಡಿದು ಹೊರಟು, ಮಧ್ಯಾಹ್ನ ಕೈತುಂಬ ಮಸಿ ಮಾಡಿಕೊಂಡು ಮನೆಗೆ ಮರಳಿ, ಹೆಂಡತಿಯಿಂದ ಬೈಸಿಕೊಂಡವರು. ಚೌಕಾಸಿಯಲ್ಲಿ ಇವರು ಹತ್ತು ರೂಪಾಯಿಗೆ ಜಗಳವಾಡುತ್ತಾರೆ. ಮನೆಗೆ ತಂದ ಮೇಲೆ ಅದೇ ತಟ್ಟೆಯನ್ನು ಸಾವಿರಕ್ಕೂ ಕೊಡಲೊಲ್ಲರು. ಇಬ್ಬರ ಬಳಿಯೂ ಎರಡೆರಡು ಇದ್ದರೆ ಮಾತ್ರ ತಮ್ಮತಮ್ಮೊಳಗೆ ಅದಲುಬದಲು.

ಕಂಪೆನಿಯ ಪಟ್ಟಿಯಿಂದ ಬಿದ್ದುಹೋದ ಗೌಹರ್ ಜಾನಳನ್ನು ಇವರು ಹೀಗೆ ಒಂದೊಂದು ಹಾಡಿನಂತೆ ಕೂಡಿಸಿದರು. ಚೀಟಿಯ ಬಣ್ಣ, ಅದರ ಮೇಲಿನ ಗುರುತು, ಒಂದು ಮುಖವೋ ಎರಡು ಮುಖವೋ, ಕೊರೆದ ಅಂಕಿ ಯಾವುದು ಎಂಬ ಸಣ್ಣ ಸಣ್ಣ ಸಾಕ್ಷಿಗಳಿಂದ ಯಾವ ಹಾಡು ಯಾವ ವರ್ಷದ್ದೆಂದು ಗೊತ್ತುಮಾಡಿದರು. ಮೊದಮೊದಲ ತಟ್ಟೆಗಳೆಲ್ಲ ನಿಮಿಷಕ್ಕೆ 78 ಸುತ್ತು ತಿರುಗುವಂಥವಲ್ಲ. ಕೆಲವು ನಿಧಾನ, ಕೆಲವು ಬೇಗ. ವೇಗ ತಪ್ಪಿದರೆ ಆಕೆಯ ಶ್ರುತಿಯೇ ತಪ್ಪಿ ಕೇಳುತ್ತದೆ. ಆದ್ದರಿಂದ ಸರಿಯಾದ ವೇಗವನ್ನು ಕಿವಿಯಿಂದಲೇ ಹುಡುಕಬೇಕಾಯಿತು. ಮೈಕಲ್ ಕಿನ್ನಿಯರ್ ಎಂಬ ಸಂಶೋಧಕರು 1899ರಿಂದ 1908ರವರೆಗಿನ ಭಾರತೀಯ ಧ್ವನಿಮುದ್ರಣಗಳ ಪಟ್ಟಿಯನ್ನು 1994ರಲ್ಲಿ ಗ್ರಂಥವಾಗಿ ಹೊರತಂದರು. ಮುಂಬಯಿಯ ಸಂಗ್ರಾಹಕರು ಸಂಘ ಕಟ್ಟಿಕೊಂಡು, ಊರೂರಲ್ಲಿ ಕೂಟಗಳನ್ನು ನಡೆಸಿ, ಹಳೆಯ ತಟ್ಟೆಗಳನ್ನು ಸಭೆಯಲ್ಲಿ ಕೇಳಿಸಿದರು. ಬೆಂಗಳೂರಿನ ವಿಕ್ರಮ್ ಸಂಪತ್ ಅವರು ಮೈಸೂರು ಅರಮನೆಯ ದಫ್ತರಗಳಲ್ಲಿ ದೊರೆತ ಕಾಗದಪತ್ರಗಳ ಜಾಡು ಹಿಡಿದು, 2010ರಲ್ಲಿ ಆಕೆಯ ಜೀವನಚರಿತ್ರೆಯನ್ನು ಬರೆದರು. ಅನಂತರ ಅವರು ಸ್ಥಾಪಿಸಿದ ಸಂಸ್ಥೆಯಿಂದ ಅನೇಕ ಹಳೆಯ ತಟ್ಟೆಗಳ ಹಾಡುಗಳು ಯಾರು ಬೇಕಾದರೂ ಕೇಳುವಂತೆ ಗಣಕಯಂತ್ರಕ್ಕೆ ಏರಿದವು.

ಲೆಕ್ಕ ಹಾಕಿ ನೋಡೋಣ. ರಾಜರು ಆಕೆಗೆ ಕೊಟ್ಟ ಒಡವೆಗಳು ಎಲ್ಲಿಗೆ ಹೋದವೋ ತಿಳಿಯದು. ಗಳಿಸಿದ ಮನೆಗಳು ಪರರ ಪಾಲಾದವು. ನ್ಯಾಯಾಲಯದ ತೀರ್ಪುಗಳು ಕಡತ ಸೇರಿದವು. ಗೋರಿಯ ಗುರುತೂ ಅಳಿಯಿತು. ಬೆಲೆಯುಳ್ಳವೆಂದು ಲೋಕ ಎಣಿಸಿದ್ದೆಲ್ಲ ಹೋಗಿ, ಬೆಲೆಯಿಲ್ಲವೆಂದು ಗುಜರಿಗೆ ಹಾಕಿದ್ದೊಂದು ಉಳಿಯಿತು. ಅದರಲ್ಲಿ ಆಕೆಯ ಉಸಿರು ಇದೆ, ಗರ್ವ ಇದೆ, ಹಾಡು ಮುಗಿದ ಮೇಲೆ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವ ದಿಟ್ಟತನವಿದೆ. ತಂದೆ ಕೊಟ್ಟ ಹೆಸರು ನಿಲ್ಲಲಿಲ್ಲ. ಗಂಡನ ಹೆಸರು ದಕ್ಕಲಿಲ್ಲ. ಹ್ಯಾನೋವರಿನ ಅಪರಿಚಿತ ಕೆಲಸಗಾರನಿಗೆ ಕೇಳಲೆಂದು ಕೂಗಿ ಹೇಳಿದ ಹೆಸರೇ ಶಾಶ್ವತವಾಯಿತು.

ಆದರೆ ಸುಮಾರು 600ರಲ್ಲಿ ಎಲ್ಲವೂ ದೊರೆತಿಲ್ಲ. ಸಿಕ್ಕಿದವುಗಳಲ್ಲಿಯೂ ಸವೆದು ಬೂದಿಯಾದವು ಹಲವು. ಉಳಿದವು ಎಲ್ಲಿವೆ? ಯಾವುದೋ ಊರಿನ ಹಳೆಯ ಮನೆಯ ಅಟ್ಟದ ಮೇಲೆ, ತಾಮ್ರದ ಪಾತ್ರೆಗಳ ಹಿಂದೆ, ಇಲಿ ಕಡಿದ ರಟ್ಟಿನ ಪೆಟ್ಟಿಗೆಯಲ್ಲಿ ಇದ್ದರೂ ಇರಬಹುದು. ಆಕೆ ಕೊನೆಯ ದಿನಗಳನ್ನು ಕಳೆದ ಮೈಸೂರಿನಲ್ಲೇ ಇರಬಾರದೆಂದೇನು? ಮುಂದಿನ ಹಬ್ಬಕ್ಕೆ ಮನೆಯ ಅಟ್ಟವನ್ನು ಶುಚಿಮಾಡುವಾಗ ಅಂಥದೊಂದು ಪೆಟ್ಟಿಗೆ ಕಂಡರೆ, ತಕ್ಕಡಿಯವನನ್ನು ಕೂಗುವ ಮೊದಲು ಒಂದು ಗಳಿಗೆ ತಡೆಯಿರಿ. ತಟ್ಟೆಯನ್ನು ಅಂಚಿನಿಂದ ಎತ್ತಿ, ಬೆಳಕಿಗೆ ಹಿಡಿದು, ಚೀಟಿಯನ್ನು ಓದಿ. ನಿಮಗೆ ಬೇಡವಾದರೆ ಮಾರಿಬಿಡಿ, ತಪ್ಪಿಲ್ಲ. ಆದರೆ ಒಡೆದು ಹಾಕಬೇಡಿ. ಕೊಳ್ಳುವವನೊಬ್ಬನು ಭಾನುವಾರದ ಬಜಾರಿನಲ್ಲಿ ಚೀಲ ಹಿಡಿದು ಅದಕ್ಕಾಗಿಯೇ ಹುಡುಕುತ್ತಿರುತ್ತಾನೆ.